ಎರಡನೇ ಶನಿವಾರದ ನಡಿಗೆ: ಗೆಳೆಯರ ಜತೆ ಲಾಲ್‌ಬಾಗಿನಿಂದ ಗಾಂಧಿ ಬಜಾರಿಗೆ

‘ಒಂದಿನ ಎಲ್ಲರೂ ಸಿಗೋಣ’ ಅನ್ನುವ ಮಾತು ವಾಟ್ಸ್‌ಆ್ಯಪ್ ಗುಂಪಿನಲ್ಲಿ ವರ್ಷಕ್ಕೆ ಹತ್ತು ಸಲ ಬರುತ್ತದೆ. ಸಿಗುವುದು ಯಾರದೋ ಮದುವೆ ಮನೆಯಲ್ಲಿ, ಊಟದ ಪಂಕ್ತಿಗೆ ಕಾಯುವಾಗ. ಬೆಂಗಳೂರಿನಲ್ಲಿರುವ ಗೆಳೆಯರಿಗೆ ಇದಕ್ಕೆ ಸುಲಭದ ದಾರಿ ಬೆಳಗಿನ ನಡಿಗೆ. ಹಾಲ್ ಬುಕ್ ಮಾಡಬೇಕಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು, ಖರ್ಚು ತಿಂಡಿ ಕಾಫಿಯದಷ್ಟೇ. ಇಲ್ಲಿ ಹೇಳುತ್ತಿರುವುದು ಒಂದೇ ದಾರಿಯ ವಿಚಾರ: ಲಾಲ್‌ಬಾಗ್ ಪಶ್ಚಿಮ ದ್ವಾರದಲ್ಲಿ ಶುರು, ಶಂಕರಪುರದಲ್ಲಿ ತಿಂಡಿ, ಕಹಳೆ ಬಂಡೆ, ದೊಡ್ಡ ಬಸವಣ್ಣ, ಕೊನೆಗೆ ಗಾಂಧಿ ಬಜಾರು. ಆರೇಳು ಕಿಲೋಮೀಟರ್, ನಾಲ್ಕು ಗಂಟೆ. ಬರೀ ನಡೆದರೆ ಒಂದೂವರೆ ಗಂಟೆಯಲ್ಲಿ ಮುಗಿಯುವ ದಾರಿ ಇದು. ಉಳಿದ ಎರಡೂವರೆ ಗಂಟೆ ನಿಲ್ಲುವುದಕ್ಕೆ, ಕೂರುವುದಕ್ಕೆ, ಹರಟೆಗೆ. ಆ ಎರಡೂವರೆ ಗಂಟೆಯನ್ನು ಕಾಪಾಡಿಕೊಳ್ಳುವುದೇ ಇಡೀ ಯೋಜನೆಯ ಗುಟ್ಟು.

ಯಾವ ದಿನ, ಎಷ್ಟು ಜನ

ಭಾನುವಾರಕ್ಕಿಂತ ಶನಿವಾರ ವಾಸಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ, ಹಾಗಾಗಿ ದೂರದಿಂದ ಬರುವವರು ಸೂರ್ಯ ಮೇಲೇರಿದ ಮೇಲೆಯೇ ತಲುಪುತ್ತಾರೆ. ಗಾಂಧಿ ಬಜಾರಿನ ದೋಸೆಯ ಸಾಲಂತೂ ಭಾನುವಾರ ಫುಟ್‌ಪಾತ್ ತುಂಬಿ ರಸ್ತೆಗೆ ಇಳಿದಿರುತ್ತದೆ. ಶನಿವಾರಗಳಲ್ಲೂ ಎರಡನೆಯದನ್ನೇ ಹಿಡಿದುಕೊಳ್ಳಿ. ಸರ್ಕಾರಿ ಕಚೇರಿ, ಬ್ಯಾಂಕುಗಳಲ್ಲಿ ಕೆಲಸ ಮಾಡುವವರಿಗೆ ಅಂದು ರಜೆ, ಐಟಿಯವರಿಗೆ ಹೇಗೂ ಬಿಡುವು. ಗುಂಪಿನಲ್ಲಿ ಶನಿವಾರ ಬೆಳಿಗ್ಗೆ ಶಾಲೆಗೆ ಹೋಗಬೇಕಾದ ಮೇಷ್ಟ್ರೋ ಟೀಚರೋ ಇದ್ದರೆ ಮಾತ್ರ ಭಾನುವಾರ. ಅದಕ್ಕೆ ಬೇರೆ ಕ್ರಮವಿದೆ, ಮುಂದೆ ಹೇಳುತ್ತೇವೆ.

‘ಯಾರಿಗೆ ಯಾವಾಗ ಬಿಡುವು?’ ಎಂದು ಕೇಳಲೇಬೇಡಿ. ಎಂಟು ಜನರ ಬಿಡುವು ಒಂದೇ ದಿನ ಕೂಡಿಬರುವುದು ಗ್ರಹಣಕ್ಕಿಂತ ಅಪರೂಪ. ಬದಲಿಗೆ ಹೀಗೆ ಹಾಕಿ: ‘ಎರಡನೇ ಶನಿವಾರ, ಬೆಳಿಗ್ಗೆ ಆರೂವರೆ, ಲಾಲ್‌ಬಾಗ್ ವೆಸ್ಟ್ ಗೇಟ್ ಒಳಗೆ. ಇಬ್ಬರು ಬಂದರೂ ಹೊರಡುತ್ತೇವೆ.’ ಆ ಕೊನೆಯ ವಾಕ್ಯವನ್ನು ಬಿಡಬೇಡಿ. ‘ಯಾರೂ ಬರಲ್ವೇನೋ’ ಎಂಬ ಅನುಮಾನದಲ್ಲೇ ಅರ್ಧ ಜನ ಏಳುವುದಿಲ್ಲ. ಇಬ್ಬರಿಗಾದರೂ ನಡಿಗೆ ಖಾತ್ರಿ ಅಂತ ಗೊತ್ತಾದರೆ ಮೂರನೆಯವರು ತಾವಾಗಿಯೇ ಬರುತ್ತಾರೆ.

ನಾಲ್ವರಿದ್ದರೆ ಹಿತ. ಬಸವನಗುಡಿಯ ಫುಟ್‌ಪಾತಿನಲ್ಲಿ ಇಬ್ಬರು ಪಕ್ಕಪಕ್ಕ ನಡೆಯಬಹುದು, ಮೂರನೆಯವರು ಹಿಂದೆ ಬೀಳುತ್ತಾರೆ. ಮೂವರ ನಡಿಗೆಯಲ್ಲಿ ಹೀಗೆ ಒಬ್ಬರು ಸದಾ ಬೇರೆಯವರ ಬೆನ್ನು ನೋಡುತ್ತ ಸಾಗಬೇಕಾಗುತ್ತದೆ. ಐದಾರು ಜನವಾದರೆ ರಸ್ತೆ ದಾಟುವಾಗಲೇ ಗುಂಪು ಎರಡಾಗುತ್ತದೆ, ಹೋಟೆಲಿನಲ್ಲಿ ಎರಡು ಟೇಬಲ್‌ಗೆ ಹಂಚಿಹೋಗುತ್ತದೆ. ಎಂಟು ಜನ ಬಂದರೆ ಸುಮ್ಮನೆ ನಾಲ್ಕು ನಾಲ್ಕಾಗಿ ಹೊರಟು ತಿಂಡಿಯ ಹೊತ್ತಿಗೆ ಸೇರಿ.

ನಾಲ್ವರಿದ್ದಾಗ ಇನ್ನೊಂದು ಅನುಕೂಲವಿದೆ. ನಾಲ್ಕು ಜನ ಮೂರು ಬಗೆಯಲ್ಲಿ ಜೋಡಿಯಾಗಬಹುದು, ಈ ದಾರಿಯಲ್ಲೂ ಮೂರು ತುಂಡುಗಳಿವೆ: ಲಾಲ್‌ಬಾಗಿನ ಒಳಗೆ, ಅಲ್ಲಿಂದ ಶಂಕರಪುರದವರೆಗೆ, ಶಂಕರಪುರದಿಂದ ಕಹಳೆ ಬಂಡೆಯವರೆಗೆ. ಪ್ರತಿ ತುಂಡಿಗೆ ಜೋಡಿ ಬದಲಿಸಿದರೆ ಎಲ್ಲರಿಗೂ ಎಲ್ಲರ ಜತೆ ಒಂದೊಂದು ಸಲ ನಿಧಾನವಾಗಿ ಮಾತಾಡಲು ಸಿಗುತ್ತದೆ. ಇಲ್ಲದಿದ್ದರೆ ಕಾಲೇಜಿನಲ್ಲಿ ಅಂಟಿಕೊಂಡಿದ್ದ ಇಬ್ಬರೇ ಕೊನೆಯವರೆಗೂ ಅಂಟಿಕೊಂಡಿರುತ್ತಾರೆ. ಇದನ್ನು ನಿಯಮ ಎಂದು ಸಾರುವುದು ಬೇಡ. ನಿಂತಲ್ಲಿಂದ ಹೊರಡುವಾಗ ನೀವೇ ಬೇರೆಯವರ ಪಕ್ಕಕ್ಕೆ ಸರಿದರೆ ಸಾಕು.

ಹೊರಡುವ ಮುಂಚೆ

ಕಾರು ತರಬೇಡಿ. ಗಾಂಧಿ ಬಜಾರಿನ ಸುತ್ತ ಹತ್ತು ಗಂಟೆಯ ಮೇಲೆ ಜಾಗ ಸಿಗುವುದು ಕಷ್ಟ. ಲಾಲ್‌ಬಾಗಿನ ಹತ್ತಿರ ನಿಲ್ಲಿಸಿದರೆ ನಡಿಗೆ ಮುಗಿದ ಮೇಲೆ ಮತ್ತೆ ಅಲ್ಲಿಗೇ ಬರಬೇಕು, ತಲೆಯಲ್ಲಿ ಪಾರ್ಕಿಂಗ್ ಶುಲ್ಕ ಓಡುತ್ತಿರುತ್ತದೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಿರಿ, ಪಶ್ಚಿಮ ದ್ವಾರ ಹತ್ತಿರವೇ. ವಾಪಸಿಗೆ ಒಂದು ನಿಲ್ದಾಣ ಆಚೆಯ ನ್ಯಾಷನಲ್ ಕಾಲೇಜಿನಲ್ಲಿ ಹತ್ತಿದರಾಯಿತು.

ಕಾಲಿಗೆ ರಬ್ಬರ್ ಅಟ್ಟೆಯ ಶೂ ಅಥವಾ ಪಟ್ಟಿ ಇರುವ ಸ್ಯಾಂಡಲ್. ಅಟ್ಟೆ ಸವೆದ ಹವಾಯಿ ಚಪ್ಪಲಿ ಲಾಲ್‌ಬಾಗಿನ ಬಂಡೆಯ ಮೇಲೆ ಜಾರುತ್ತದೆ. ದೇವಸ್ಥಾನಕ್ಕೆ ಹೋಗುವವರು ಲೇಸ್ ಕಟ್ಟುವ ಶೂ ಹಾಕಿದರೆ ಕಟ್ಟುವುದು ಬಿಚ್ಚುವುದೇ ಕೆಲಸ. ತಲೆಗೊಂದರಂತೆ ಅರ್ಧ ಲೀಟರ್ ನೀರಿನ ಸ್ಟೀಲ್ ಬಾಟಲಿ ಇರಲಿ, ಲಾಲ್‌ಬಾಗ್ ಒಳಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಒಂದು ಬಟ್ಟೆ ಚೀಲ, ಹತ್ತು ಇಪ್ಪತ್ತರ ಚಿಲ್ಲರೆ. ಮನೆಯಲ್ಲಿ ತಿಂಡಿ ತಿಂದು ಬರಬಾರದು, ಪೂರ್ತಿ ಖಾಲಿ ಹೊಟ್ಟೆಯಲ್ಲೂ ಬೇಡ. ಒಂದು ಬಾಳೆಹಣ್ಣು, ಅರ್ಧ ಲೋಟ ಕಾಫಿ ಎಂಟೂವರೆಯವರೆಗೆ ನಡೆಸಿಕೊಂಡು ಹೋಗುತ್ತವೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಗೆಳೆಯರಿದ್ದರೆ ತಿಂಡಿಯ ವೇಳೆಯನ್ನು ಅವರ ಮಾತ್ರೆಗೆ ಹೊಂದಿಸಿ. ಬಂಡೆ ಹತ್ತುವುದನ್ನು ಬಿಟ್ಟರೂ ಅಡ್ಡಿಯಿಲ್ಲ, ತಿಂಡಿ ತಡವಾಗುವುದು ಬೇಡ.

ದುಡ್ಡಿನ ವಿಷಯವನ್ನು ಮೊದಲೇ ಮುಗಿಸಿಬಿಡಿ. ಒಬ್ಬರೇ ಎಲ್ಲ ಕಡೆ ಕೊಡುವುದು, ಮನೆಗೆ ಹೋಗುವ ಮುಂಚೆ ಉಳಿದವರು ಒಂದೇ ಸಲ ಯುಪಿಐ ಮಾಡುವುದು. ಮುಂದಿನ ತಿಂಗಳು ಕೊಡುವವರು ಬೇರೆ. ಕೌಂಟರಿನ ಮುಂದೆ ‘ನಾನ್ ಕೊಡ್ತೀನಿ ಬಿಡೋ’ ಎಂದು ಕೈ ಎಳೆದಾಡುವುದರಿಂದ ಹಿಂದಿನವರ ಶಾಪ ತಟ್ಟುತ್ತದೆ.

ಆರೂವರೆ: ಲಾಲ್‌ಬಾಗ್

ಬೆಂಗಳೂರಿನಲ್ಲಿ ಸೂರ್ಯೋದಯ ಮೇ ಕೊನೆ, ಜೂನ್ ಮೊದಲಿಗೆ ಐದೂ ಮುಕ್ಕಾಲು ಕಳೆದ ಮೇಲೆ, ಜನವರಿ ಕೊನೆಗೆ ಆರೂ ಮುಕ್ಕಾಲರ ಹೊತ್ತಿಗೆ. ಹಾಗಾಗಿ ವರ್ಷವಿಡೀ ಆರೂವರೆ ಎಂದಿಟ್ಟುಕೊಂಡರೆ ಸರಿಹೋಗುತ್ತದೆ. ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಟಿಕೆಟ್ ಇಲ್ಲ. ಭೇಟಿಯ ಜಾಗ ಗೇಟಿನ ಒಳಗಿರಲಿ. ಹೊರಗೆ ವಾಹನಗಳ ಸದ್ದಿನಲ್ಲಿ ಫೋನ್ ಕೇಳಿಸುವುದಿಲ್ಲ. ಕಾಯುವುದು ಹತ್ತು ನಿಮಿಷ, ಅಷ್ಟೇ. ಆಮೇಲೆ ಬಂದವರು ಲಾಲ್‌ಬಾಗಿನೊಳಗೆ ಹುಡುಕಾಡುವುದು ಬೇಡ. 240 ಎಕರೆಯಲ್ಲಿ ‘ಎಲ್ಲಿದ್ದೀಯ? ದೊಡ್ಡ ಮರದ ಹತ್ತಿರ’ ಎನ್ನುವ ಸಂಭಾಷಣೆಗೆ ಕೊನೆಯಿಲ್ಲ. ಅವರು ನೇರ ಎಂಟೂವರೆಗೆ ಶಂಕರಪುರಕ್ಕೆ ಬರಲಿ.

ಒಳಗೆ ಹೋದವರು ಬಲಕ್ಕೆ, ಕೆರೆಯ ಕಡೆ ಹೊರಡಿ. ಬೆಳಿಗ್ಗೆ ನೀರಿನ ಅಂಚಿನಲ್ಲಿ ಬೆಳ್ಳಕ್ಕಿ, ನೀರುಕಾಗೆ ಕಾಣುತ್ತವೆ. ಏರಿಯ ದಾರಿ ಅಗಲವಾಗಿದೆ, ವಾಹನವಿಲ್ಲ, ಎದುರಿಗೆ ಬರುವವರು ತಮ್ಮ ಪಾಡಿಗೆ ಕೈ ಬೀಸಿಕೊಂಡು ಹೋಗುತ್ತಾರೆ. ಮನೆಯಲ್ಲಿ ಯಾರಿಗೋ ಆರೋಗ್ಯ ಸರಿಯಿಲ್ಲ, ಕೆಲಸ ಹೋಗಿದೆ, ಮಗಳ ಮದುವೆ ಮಾತು ಮುರಿದಿದೆ ಎಂಬಂಥ ಭಾರದ ಮಾತಿದ್ದರೆ ಇಲ್ಲೇ ಆಡಬೇಕು. ಪಕ್ಕಪಕ್ಕ ನಡೆಯುವಾಗ ಮುಖ ಮುಖ ನೋಡಬೇಕಿಲ್ಲವಾದ್ದರಿಂದ ಮಾತು ತಾನಾಗಿ ಬರುತ್ತದೆ. ಅದನ್ನೇ ಹೋಟೆಲಿನ ಟೇಬಲ್‌ವರೆಗೆ ತಳ್ಳಿದರೆ, ಸರ್ವರ್ ಬಂದು ‘ಏನ್ ಕೊಡ್ಲಿ ಸಾರ್’ ಎಂದ ಕೂಡಲೇ ಬಾಯಿ ಮುಚ್ಚುತ್ತದೆ. ಗೆಳೆಯ ಮಾತಾಡುತ್ತಿರುವಾಗ ಸಲಹೆ ಕೊಡುವ ಆತುರ ಬೇಡ. ಕೆರೆಯ ಒಂದು ಸುತ್ತಿಗೆ ಮಾತು ಮುಗಿಯದಿದ್ದರೆ ಇನ್ನೊಂದು ಸುತ್ತು ಹಾಕಿ, ಬಂಡೆಯನ್ನು ಬಿಟ್ಟುಬಿಡಿ.

ಮೊಬೈಲ್ ಒಬ್ಬರ ಕೈಯಲ್ಲಿರಲಿ, ಅದೂ ತಡವಾಗಿ ಬರುವವರ ಫೋನಿಗಾಗಿ. ಉಳಿದವರದು ಚೀಲದೊಳಗೆ. ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡವರು ಇದ್ದೇ ಇರುತ್ತಾರೆ. ಅವರ ವೇಗಕ್ಕೆ ಗುಂಪು ಓಡಬೇಕಿಲ್ಲ. ಗುಂಪಿನ ವೇಗ ಎಂದರೆ ಅತಿ ನಿಧಾನದವರ ವೇಗ. ಅವರನ್ನು ಮುಂದೆ ಬಿಟ್ಟರೆ ಇದು ಹೇಳದೆಯೇ ಆಗುತ್ತದೆ.

ಕೆರೆಯಿಂದ ಉತ್ತರಕ್ಕೆ ತಿರುಗಿ, ಮುಖ್ಯ ದ್ವಾರದ ಕಡೆಯ ಬಂಡೆಗೆ ಬನ್ನಿ. ತುದಿಯಲ್ಲಿ ಕೆಂಪೇಗೌಡ ಗೋಪುರವಿದೆ. ಏರು ಕಡಿದಲ್ಲ, ನಿಧಾನವಾಗಿ ಹತ್ತು ನಿಮಿಷ. ಕಾಲ ಕೆಳಗಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಶಿಲೆಯಲ್ಲಿ ತಿಳಿ ಮತ್ತು ಕಪ್ಪು ಬಣ್ಣದ ಪಟ್ಟೆಗಳು ಅಲೆಯಂತೆ ಹರಿದಿರುವುದನ್ನು ಬಗ್ಗಿ ನೋಡಿ. ಭೂಮಿಯ ಆಳದ ಶಾಖ, ಒತ್ತಡಗಳಲ್ಲಿ ಖನಿಜಗಳು ಬೇರೆ ಬೇರೆ ಪದರಗಳಾಗಿ ಸೇರಿಕೊಂಡಿದ್ದರ ಗುರುತು ಅದು. ಮಳೆ ಬಿದ್ದ ಮರುದಿನ ಮಾತ್ರ ಹತ್ತಬೇಡಿ. ಪಾಚಿ ಒಣಗಿದಂತೆ ಕಂಡರೂ ಜಾರುತ್ತದೆ, ಏರುವಾಗಲ್ಲ, ಇಳಿಯುವಾಗ.

ಇಳಿದು ಗಾಜಿನ ಮನೆಯ ಮುಂದೆ ಹಾದು ಪಶ್ಚಿಮ ದ್ವಾರಕ್ಕೆ ವಾಪಸು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟಕ್ಕೆ ಗಾಜಿನ ಮನೆ ಸೇರಿದ್ದು 1889ರಲ್ಲಿ. ನಿಂತು ನೋಡಬೇಕಾದದ್ದು ಇಲ್ಲಿಯ ಮರಗಳನ್ನು. ಜರ್ಮನಿಯಿಂದ ಬಂದು 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಒಂದು ಜಾತಿ ಹೂ ಮುಗಿಸುವಾಗ ಇನ್ನೊಂದು ಶುರು ಮಾಡುವಂತೆ ಊರಿನ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಹಾಗಾಗಿ ಇದೇ ದಾರಿ ತಿಂಗಳು ತಿಂಗಳಿಗೆ ಬೇರೆಯಾಗಿ ಕಾಣುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಟಬೂಬಿಯಾ, ಮಾರ್ಚಿನ ಹೊತ್ತಿಗೆ ನೀಲಿ ಜಕರಾಂಡ, ಹೊಂಗೆಯ ಹೂ ಕಾಲ ಕೆಳಗೆ; ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್; ಮಳೆಗಾಲ ಮುಗಿಯುತ್ತಿದ್ದಂತೆ ಆಕಾಶಮಲ್ಲಿಗೆ. ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಇತ್ತ ಬರಬೇಡಿ. ಹೂ ನೋಡುವುದೇ ಉದ್ದೇಶವಾದರೆ ಸರಿ, ಮಾತಾಡಲು ಆಗುವುದಿಲ್ಲ.

ಹೊರಬೀಳುವ ಮುಂಚೆ ಒಳಗಿನ ಶೌಚಾಲಯಕ್ಕೆ ಹೋಗಿಬನ್ನಿ. ಮುಂದೆ ಹೋಟೆಲಿನವರೆಗೆ ಭರವಸೆಯಿಲ್ಲ.

ಎಂಟೂವರೆ: ತಿಂಡಿ

ವಾಣಿವಿಲಾಸ ರಸ್ತೆ ಹಿಡಿದು ನ್ಯಾಷನಲ್ ಕಾಲೇಜು ವೃತ್ತಕ್ಕೆ, ಅಲ್ಲಿಂದ ಶಂಕರಪುರದ ಕಡೆಗೆ. ಒಟ್ಟು ಇಪ್ಪತ್ತೈದು ನಿಮಿಷ. ಇಡೀ ದಾರಿಯಲ್ಲಿ ರುಚಿಯಿಲ್ಲದ ತುಂಡು ಇದೊಂದೇ: ಫ್ಲೈಓವರಿನ ಸದ್ದು, ಬಸ್ಸು. ವೃತ್ತದಲ್ಲಿ ಸಿಗ್ನಲ್ ನೋಡಿ ಒಟ್ಟಿಗೆ ದಾಟಿ. ಶಂಕರಪುರದ ಒಳಬೀದಿಗೆ ತಿರುಗಿದರೆ ಸದ್ದು ಅಡಗುತ್ತದೆ.

ಬ್ರಾಹ್ಮಿನ್ಸ್ ಕಾಫಿ ಬಾರ್ ನಿಂತು ತಿನ್ನುವ ಜಾಗ. 1965ರಿಂದಲೂ ಪಟ್ಟಿ ಚಿಕ್ಕದು: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಇಲ್ಲ, ಕೇಳಬೇಡಿ. ಚಟ್ನಿಯೇ ಇಲ್ಲಿಯ ಬಂಡವಾಳ, ಮತ್ತೆ ಮತ್ತೆ ಹಾಕುತ್ತಾರೆ. ನಾಲ್ವರಿಗೆ ಲೆಕ್ಕ: ತಲಾ ಎರಡು ಇಡ್ಲಿ ಒಂದು ವಡೆ, ನಡುವೆ ಹಂಚಿಕೊಳ್ಳಲು ಒಂದು ಖಾರಾಬಾತ್, ಒಂದು ಕೇಸರಿಬಾತ್. ಕಾಫಿಯನ್ನು ತಿಂಡಿಯ ಜತೆಗೇ ತೆಗೆದುಕೊಂಡರೆ ಆರುತ್ತದೆ, ಆಮೇಲೆ ತೆಗೆದುಕೊಳ್ಳಿ. ಬೈ ಟು ಹೇಳುವುದು ಜಿಪುಣತನವಲ್ಲ. ಹತ್ತೂವರೆಗೆ ಇನ್ನೊಂದು ಕಾಫಿ ಇದೆ, ಅದಕ್ಕೆ ಜಾಗ ಬೇಕು.

ಇಲ್ಲಿ ತಿಂದ ಮೇಲೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆಯನ್ನೂ ತಿನ್ನೋಣ ಎಂಬ ಹಟ ಗುಂಪಿನಲ್ಲಿ ಒಬ್ಬರಿಗಾದರೂ ಬಂದೇ ಬರುತ್ತದೆ. ಒಪ್ಪಬೇಡಿ. 1943ರಲ್ಲಿ ಶುರುವಾದ ಆ ಹೋಟೆಲಿನ ಮಸಾಲೆ ದೋಸೆ ದಪ್ಪ, ಗರಿಗರಿ, ತುಪ್ಪದಲ್ಲಿ ಮಿಂದದ್ದು. ಅದಕ್ಕೆ ಬೇಕಾದದ್ದು ಹಸಿದ ಹೊಟ್ಟೆ. ವಾರಾಂತ್ಯದಲ್ಲಿ ಹೆಸರು ಬರೆಸಿ ಮುಕ್ಕಾಲು ಗಂಟೆ ಕಾಯುವುದು ಸಾಮಾನ್ಯ. ಹೊಟ್ಟೆ ತುಂಬಿಸಿಕೊಂಡು ಕಾದು, ಅರ್ಧ ದೋಸೆ ಬಿಟ್ಟು ಏಳುವುದು ದೋಸೆಗೂ ಹೊರಗೆ ಕಾಯುವವರಿಗೂ ಮಾಡುವ ಅನ್ಯಾಯ. ದೋಸೆಯೇ ಬೇಕೆಂದರೆ ಇನ್ನೊಂದು ತಿಂಗಳು ಶಂಕರಪುರವನ್ನು ಬಿಟ್ಟು ನೇರ ಅಲ್ಲಿಗೆ ಹೋಗಿ. ಶುಕ್ರವಾರ ಮಾತ್ರ ಅಲ್ಲಿ ರಜೆ.

ಒಂಬತ್ತೂಕಾಲು: ಕಹಳೆ ಬಂಡೆ, ಬಸವಣ್ಣ

ರಾಮಕೃಷ್ಣ ಆಶ್ರಮದ ವೃತ್ತದಿಂದ ಬುಲ್ ಟೆಂಪಲ್ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದರೆ ಬಲಕ್ಕೆ ಕಹಳೆ ಬಂಡೆಯ ಉದ್ಯಾನ. ಒಳಗೆ ಡಿ.ವಿ.ಜಿ.ಯವರ ಪ್ರತಿಮೆ ಇದೆ. ಮೇಲೆ ಮರಗಳಲ್ಲಿ ನೂರಾರು ಬಾವಲಿಗಳು ತಲೆಕೆಳಗಾಗಿ ನೇತಾಡುತ್ತ ಜಗಳವಾಡುತ್ತಿರುತ್ತವೆ. ಅವುಗಳ ಕೆಳಗಿನ ಬೆಂಚು ಖಾಲಿಯಿರುವುದಕ್ಕೆ ಕಾರಣವಿದೆ, ಕೂರುವ ಮುಂಚೆ ಬೆಂಚನ್ನೂ ಕೊಂಬೆಯನ್ನೂ ನೋಡಿ. ನೆರಳಿನ ಬಂಡೆಯ ಮೇಲೆ ಅರ್ಧ ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಹೊಟ್ಟೆ ತುಂಬಿದ ಮೇಲಿನ ಹರಟೆ ಇಲ್ಲಿ ಚೆನ್ನಾಗಿ ಕುದುರುತ್ತದೆ. ಹಳೆಯ ಮೇಷ್ಟರುಗಳ ಅನುಕರಣೆಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಪಕ್ಕದಲ್ಲೇ ದೊಡ್ಡ ಗಣಪತಿ, ಮೇಲೆ ದೊಡ್ಡ ಬಸವಣ್ಣ. ಒಂದೇ ಕಲ್ಲಿನ ಬಸವ, ಎತ್ತರ ಸುಮಾರು 15 ಅಡಿ, ಉದ್ದ 20. ಸುತ್ತು ಬರುವಾಗ ಹಿಂಭಾಗದಲ್ಲಿ ಒಂದು ಕ್ಷಣ ನಿಂತು ನೋಡಿ, ಮುಂದಿನಿಂದ ತಿಳಿಯದ ಗಾತ್ರ ಅಲ್ಲಿ ತಿಳಿಯುತ್ತದೆ. ಶನಿವಾರ ಹತ್ತಿರದ ಕಾರಂಜಿ ಆಂಜನೇಯನ ಗುಡಿಗೆ ಜನ ಹೆಚ್ಚು, ಆ ಸಾಲನ್ನು ಸೇರಿದರೆ ಉಳಿದ ಕಾರ್ಯಕ್ರಮ ಮುಗಿದಂತೆ. ಗುಡಿಗೆ ಬಾರದ ಗೆಳೆಯರಿದ್ದರೆ ಬಲವಂತ ಬೇಡ. ಅವರು ಉದ್ಯಾನದಲ್ಲಿ ಎಲ್ಲರ ಚೀಲ ನೋಡಿಕೊಳ್ಳುತ್ತಾರೆ.

ಹತ್ತರ ಮೇಲೆ: ಗಾಂಧಿ ಬಜಾರು

ಇಲ್ಲಿಂದ ಜೋಡಿಗಳ ಲೆಕ್ಕವಿಲ್ಲ, ಅವರವರ ಚಪಲ ಅವರವರಿಗೆ. ‘ಹತ್ತೂವರೆಗೆ ಇಂಥ ಜಾಗದಲ್ಲಿ’ ಎಂದು ಗೊತ್ತುಮಾಡಿಕೊಂಡು ಚದುರಿ. ಓದುವವರು ಅಂಕಿತ ಪುಸ್ತಕದಲ್ಲಿ ನಿಲ್ಲಲಿ. ಅವರಿಗೆ ಒಂದು ಗಂಟೆಯೂ ಸಾಲದು, ಕಾಯುತ್ತ ನಿಂತವರಿಗೆ ಹತ್ತು ನಿಮಿಷವೂ ಹೆಚ್ಚು. ಕುರುಕು ತಿಂಡಿಯವರು ಸುಬ್ಬಮ್ಮನ ಅಂಗಡಿಗೆ. ಹುರಿಗಾಳು, ಕೋಡುಬಳೆ, ಸಂಡಿಗೆ ತಲಾ ಕಾಲು ಕೆ.ಜಿ. ಸಾಕು. ಅರ್ಧ ಕೆ.ಜಿ. ಕೋಡುಬಳೆ ತಿಂದು ಮುಗಿಸುವ ಮುಂಚೆ ಮೆತ್ತಗಾಗುತ್ತದೆ.

ಹೂವನ್ನು ಕೊನೆಯಲ್ಲಿ ಕೊಳ್ಳಿ. ಮೊದಲೇ ಕೊಂಡು ಬಿಸಿಲಲ್ಲಿ ಹಿಡಿದು ಸುತ್ತಿದರೆ ಮಲ್ಲಿಗೆ ಮನೆ ತಲುಪುವಷ್ಟರಲ್ಲಿ ಬಾಡಿರುತ್ತದೆ. ಮೊಳದ ಲೆಕ್ಕದಲ್ಲಿ ಕೊಡುತ್ತಾರೆ, ಅಳತೆ ಮಾರುವವರ ತೋಳಿನದು. ಎಲೆಯಲ್ಲಿ ಕಟ್ಟಿಕೊಡಿ ಎಂದು ಕೇಳಿ. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಗಳ ಹಿಂದಿನ ಶನಿವಾರ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮೊಳದ ಬೆಲೆಯೂ ಏರಿರುತ್ತದೆ. ಆ ತಿಂಗಳು ನಡಿಗೆಯನ್ನು ಕಹಳೆ ಬಂಡೆಗೇ ನಿಲ್ಲಿಸಿ.

ಎರಡನೇ ಕಾಫಿ ಇಲ್ಲಿ, ಯಾವುದಾದರೂ ದರ್ಶಿನಿಯಲ್ಲಿ, ಕುಡಿಯುವಾಗಲೇ ಮುಂದಿನ ತಾರೀಖು ಗೊತ್ತಾಗಲಿ. ಮನೆಗೆ ಹೋಗಿ ಗುಂಪಿನಲ್ಲಿ ಕೇಳಿದರೆ ಮತ್ತೆ ‘ಒಂದಿನ ಸಿಗೋಣ’. ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಇಲ್ಲಿಂದ ಹದಿನೈದು ನಿಮಿಷದ ದಾರಿ.

ಭಾನುವಾರವೇ ಆಗಬೇಕಾದರೆ

ಕ್ರಮವನ್ನು ತಿರುಗಿಸಿ. ಲಾಲ್‌ಬಾಗ್ ಮುಖ್ಯ ದ್ವಾರದ ಹತ್ತಿರದ ಎಂಟಿಆರ್‌ನಲ್ಲಿ ಬಾಗಿಲು ತೆರೆಯುತ್ತಿದ್ದಂತೆ ತಿಂಡಿ ಮುಗಿಸಿ, ಆಮೇಲೆ ಲಾಲ್‌ಬಾಗ್. ಎಂಟು ದಾಟಿದರೆ ಮಾಳಿಗೆಯವರೆಗೂ ಜನ. 1924ರಲ್ಲಿ ಶುರುವಾದ ಹೋಟೆಲ್ ಇದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಮಾಡಿದ್ದು ತಾವೇ ಎಂದು ಇಲ್ಲಿಯವರು ಹೇಳುತ್ತಾರೆ. ರವೆ ಇಡ್ಲಿ ತಲಾ ಒಂದೇ ತೆಗೆದುಕೊಳ್ಳಿ, ಅದು ಗಟ್ಟಿ. ತಿಂದ ಮೇಲೆ ಬಂಡೆ ಹತ್ತಲು ಅರ್ಧ ಗಂಟೆ ಬಿಡಬೇಕು, ಆದ್ದರಿಂದ ಮೊದಲು ಕೆರೆಯ ಕಡೆ ಹೋಗಿ.

ಬೆಳಿಗ್ಗೆ ಏಳಲಾಗದವರಿಗೆ ಸಂಜೆಯ ದಾರಿಯೂ ಇದೆ. ನಾಲ್ಕೂವರೆಗೆ ಲಾಲ್‌ಬಾಗ್, ಆರೂವರೆಗೆ ವಿ.ವಿ. ಪುರದ ತಿಂಡಿ ಬೀದಿ. ಅಲ್ಲಿ ತಪ್ಪು ಆಗುವುದು ಮೊದಲ ಗಾಡಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದರಿಂದ. ಬೀದಿಯನ್ನು ಒಂದು ಸಲ ಏನೂ ತಿನ್ನದೆ ಉದ್ದಕ್ಕೂ ನಡೆದು ನೋಡಿ, ವಾಪಸು ಬರುವಾಗ ಒಂದೊಂದು ಪ್ಲೇಟನ್ನು ನಾಲ್ವರು ಹಂಚಿಕೊಳ್ಳಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವಣ್ಣನ ಕಡಲೆಕಾಯಿ ಪರಿಷೆ. ಅದರ ಹಿಂದಿನ ಶನಿವಾರ, ಭಾನುವಾರಗಳಲ್ಲೇ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ರಾಶಿಗಳು ಬಿದ್ದಿರುತ್ತವೆ. ಆ ವಾರ ಲಾಲ್‌ಬಾಗನ್ನು ಬಿಟ್ಟು ನೇರ ಇಲ್ಲಿಗೆ ಬನ್ನಿ, ಏಳು ಗಂಟೆಯೊಳಗೆ. ಹಸಿ ಕಾಯಿ ಬೇಕೋ ಹುರಿದದ್ದು ಬೇಕೋ ಮೊದಲೇ ಹೇಳಿ, ಒಂದು ಕಾಯಿ ಒಡೆದು ಬೀಜ ತುಂಬಿದೆಯೇ ನೋಡಿ, ನಾಲ್ಕು ರಾಶಿ ದಾಟಿದ ಮೇಲೆ ಕೊಳ್ಳಿ. ಸೇರಿನಲ್ಲಿ ಅಳೆದು ಕೊಡುತ್ತಾರೆ, ಕೊನೆಯಲ್ಲಿ ಒಂದು ಹಿಡಿ ಕೊಸರು ಕೇಳುವುದು ವಾಡಿಕೆ. ಹಸಿ ಕಾಯಿಯನ್ನು ಅಂದೇ ಉಪ್ಪು ಹಾಕಿ ಬೇಯಿಸಬೇಕು, ಇಲ್ಲವೇ ತಟ್ಟೆಯಲ್ಲಿ ಹರಡಬೇಕು. ಚೀಲದಲ್ಲೇ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.